ಹೊಗೆಗೆ ಯಜಮಾನ ಯಾರು?

ಸಂಕ್ರಾಂತಿಗೆ ಮುಂಚೆ ಸೋಮನಹಳ್ಳಿಯ ತಂಗಿಯ ಮನೆಗೆ ಹೋಗಿದ್ದೆ. ಮದ್ದೂರು ತಾಲ್ಲೂಕಿನಲ್ಲಿ ಹೆದ್ದಾರಿಯ ಮಗ್ಗುಲಲ್ಲೇ ಸಿಗುವ ಊರು. ಬೆಳಿಗ್ಗೆ ಒಗೆದು ತಾರಸಿಯ ಮೇಲೆ ಹರವಿದ್ದ ಬಿಳಿ ಪಂಚೆ ಮಧ್ಯಾಹ್ನದ ಹೊತ್ತಿಗೆ ಎಳ್ಳು ಚೆಲ್ಲಿದ ಹಾಗಿತ್ತು. ಕೈಯಿಂದ ಒರೆಸಿದೆ. ಎಳ್ಳು ಹೋಗಲಿಲ್ಲ, ಉದ್ದಕ್ಕೆ ಕರಿಗೆರೆ ಬಿತ್ತು.

“ಒರೆಸಬ್ಯಾಡ ಕಣಕ್ಕ, ಊದ್ಬುಡು. ಒರೆಸಿದ್ರೆ ಹಿಡ್ಕೊತದೆ” ಎಂದಳು ತಂಗಿ, ಒಗ್ಗರಣೆಗೆ ಈರುಳ್ಳಿ ಹಾಕುವ ಕ್ರಮ ಹೇಳಿಕೊಡುವಷ್ಟು ಸಹಜವಾಗಿ. ಮಸಿಯನ್ನು ಒರೆಸಬಾರದು, ಊದಬೇಕು. ಈ ವಿದ್ಯೆಯನ್ನು ಅವಳು ಯಾವ ಶಾಲೆಯಲ್ಲಿ ಕಲಿತಳು? ಆ ರಾತ್ರಿ ಅವಳ ಮೊಮ್ಮಗು ಕೆಮ್ಮುತ್ತಾ ಮಲಗಿದ್ದಾಗ ನನಗೆ ನಿದ್ದೆ ಬರಲಿಲ್ಲ. ಪಂಚೆಯ ಮೇಲಿನ ಮಸಿಯನ್ನು ಊದಬಹುದು. ಎದೆಯೊಳಗೆ ಇಳಿದದ್ದನ್ನು ಊದುವವರು ಯಾರು?

ನಮ್ಮ ಸೀಮೆ ನಾಡಿಗೆ ಶಕ್ತಿ ಕೊಡುವ ಸೀಮೆ. 1902ರಲ್ಲಿ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ನಡೆದು ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. 1940ರಲ್ಲಿ ಶಿಂಷಾ ಕೇಂದ್ರ ಬಂತು. ಅದು ನೀರಿನ ಶಕ್ತಿ, ಹೊಗೆ ಇರಲಿಲ್ಲ. ಆಮೇಲೆ ಬಂದದ್ದು ಬೆಂಕಿಯ ಶಕ್ತಿ. ಮದ್ದೂರು ತಾಲ್ಲೂಕಿನ ಕೊಪ್ಪ, ಭಾರತೀನಗರದ ಸಕ್ಕರೆ ಕಾರ್ಖಾನೆಗಳು ಕಬ್ಬಿನ ಸಿಪ್ಪೆ ಉರಿಸಿ ವಿದ್ಯುತ್ ತೆಗೆಯುವುದನ್ನು ಕಲಿತವು. ಮಳವಳ್ಳಿ ಸೀಮೆಯಲ್ಲಿ 2001ರಲ್ಲಿ ಕಬ್ಬಿನ ತರಗು, ತೆಂಗಿನ ಗರಿಗಳಿಂದ 4.5 ಮೆಗಾವ್ಯಾಟ್ ತೆಗೆಯುವ ಘಟಕವೊಂದು ಶುರುವಾಯಿತು. ಇದಲ್ಲದೆ ಊರೂರಿಗೂ ಆಲೆಮನೆಗಳಿವೆ. ನಮ್ಮ ಬೆಳಕು ಬೆಂಗಳೂರಿಗೆ ಹೋಯಿತು, ತೊರೆಕಾಡನಹಳ್ಳಿಯಿಂದ ಕಾವೇರಿಯ ನೀರೂ ಹೋಯಿತು, ಬೆಲ್ಲ ದೇಶಕ್ಕೆಲ್ಲ ಹೋಯಿತು. ಹೋಗದೆ ಉಳಿದದ್ದು ಹೊಗೆ ಒಂದೇ.

ಹೊಗೆಯೆಲ್ಲ ಒಂದೇ ಅಲ್ಲ ಎಂಬುದನ್ನು ನಾವು ಹೆಂಗಸರು ಬಲ್ಲೆವು. ಒಣ ಸೌದೆಯ ಹೊಗೆ ಬೇರೆ, ಹಸಿ ಸೌದೆಯ ಹೊಗೆ ಬೇರೆ. ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕುದಿಸಿ ಪಾಕ ಮಾಡುತ್ತಾರೆ. ಹಿಂಡಿದ ಕಬ್ಬಿನ ಸಿಪ್ಪೆಯನ್ನೇ ಒಣಗಿಸಿ ಒಲೆಗೆ ಹಾಕುವುದು ಹಳೆಯ ಪದ್ಧತಿ. ಕಬ್ಬೇ ಕಬ್ಬನ್ನು ಬೇಯಿಸುವ ಎಂಥ ಚೆಂದದ ಲೆಕ್ಕ! ಆದರೆ ಮಳೆ ಬಂದರೆ ಸಿಪ್ಪೆ ಒಣಗುವುದಿಲ್ಲ. ಒಣಗಿದ ಸಿಪ್ಪೆಗೆ ಬೇರೆ ಕಡೆ ಒಳ್ಳೆ ಬೆಲೆ ಬಂದರೆ ಮಾರಿಬಿಡುತ್ತಾರೆ. ಆಗ ಒಲೆಬಾಯಿಗೆ ಬರುವುದು ಹಳೆಯ ಟೈರು, ಪ್ಲಾಸ್ಟಿಕ್ಕು, ಗಾರ್ಮೆಂಟ್ಸಿನ ಚಿಂದಿ. ಟೈರಿನಲ್ಲಿ ಗಂಧಕವಿದೆ. ಕ್ಲೋರಿನ್ ಇರುವ ಪ್ಲಾಸ್ಟಿಕ್ ಉರಿದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಪಂಚೆಯ ಮೇಲೆ ಕಂಡದ್ದು ದಪ್ಪ ಮಸಿ ಮಾತ್ರ. ಕೂದಲೆಳೆಯ ಮೂವತ್ತನೇ ಒಂದು ಭಾಗದಷ್ಟು ಸಣ್ಣ ಕಣಗಳು ಕಣ್ಣಿಗೆ ಬೀಳುವುದೇ ಇಲ್ಲ. ಮೂಗಿನಲ್ಲಿ ನಿಲ್ಲದೆ ನೇರ ಶ್ವಾಸಕೋಶದ ತಳಕ್ಕೆ ಇಳಿಯುತ್ತವೆ. ಚಳಿಗಾಲದ ಬೆಳಗಿನಲ್ಲಿ ನೆಲದ ಗಾಳಿ ತಣ್ಣಗೆ ಭಾರವಾಗಿ ಕೂತಿರುತ್ತದೆ, ಹೊಗೆ ಮೇಲೇಳಲಾರದು. ಅದೇ ಹೊತ್ತಿಗೆ ನಾವು ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುತ್ತೇವೆ, ಮಕ್ಕಳು ಬಸ್ಸಿಗೆ ನಿಂತಿರುತ್ತಾರೆ.

ಮಾರನೆಯ ದಿನ ಆಲೆಮನೆಯ ಯಜಮಾನರೊಬ್ಬರನ್ನು ಕೇಳಿಯೇಬಿಟ್ಟೆ. “ಹೊಗೆ ಇಲ್ದೆ ಬೆಲ್ಲ ಆಯ್ತದಾ ಅಕ್ಕಾರೆ? ಟೈರು ಹಾಕ್ಬುಡು ಅಂತ ನಂಗೇನು ಆಸೆಯಾ? ಸಿಪ್ಪೆ ಒಣಗಿಸಕೆ ಜಾಗ ಎಲ್ಲೈತೆ? ಬೆಲ್ಲದ ರೇಟು ನೋಡಿದೀರಾ?” ಎಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಒಲೆಬಾಯಿಯಲ್ಲಿ ಕೂತು ಉರಿ ಹಾಕುತ್ತಿದ್ದವನು ಹೊಟ್ಟೆಪಾಡಿಗೆ ಉತ್ತರಪ್ರದೇಶದಿಂದ ಬಂದ ಹುಡುಗ. ಆ ಹೊಗೆಯ ಮೊದಲ ತುತ್ತು ಅವನದೇ. ಹಾಗಾಗಿ ನನ್ನ ಜಗಳ ಇವರಿಬ್ಬರ ಮೇಲಲ್ಲ. ಆದರೆ “ಹೊಟ್ಟೆಪಾಡು” ಎಂಬ ಒಂದೇ ಮಾತಿನಿಂದ ನಮ್ಮೆಲ್ಲರ ಬಾಯಿ ಮುಚ್ಚಿಸುವುದನ್ನು ಒಪ್ಪಲಾರೆ. ಹೊಟ್ಟೆಗೂ ಎದೆಗೂ ಜಗಳ ಹಚ್ಚಿ ದೂರ ನಿಂತು ನೋಡುತ್ತಿರುವವರು ಬೇರೆಯೇ ಇದ್ದಾರೆ.

ಅವರನ್ನು ಹುಡುಕಿಕೊಂಡು ಹೋದೆ. ಒಂದು ಕಚೇರಿಯಲ್ಲಿ “ಅದು ನಮಗೆ ಬರುವುದಿಲ್ಲ, ಪಂಚಾಯಿತಿಯಲ್ಲಿ ಕೇಳಿ” ಎಂದರು. ಇನ್ನೊಂದರಲ್ಲಿ “ದೊಡ್ಡ ಕಾರ್ಖಾನೆಯಾಗಿದ್ದರೆ ನೋಡಬಹುದಿತ್ತು” ಎಂದರು. ಮೂರನೆಯದರಲ್ಲಿ ಕುರ್ಚಿ ಕೊಟ್ಟರು, ಉತ್ತರ ಕೊಡಲಿಲ್ಲ. ದೊಡ್ಡ ಚಿಮಣಿಗೆ ಒಂದು ಕಡತ, ಸಣ್ಣ ಚಿಮಣಿಗೆ ಕಡತವೇ ಇಲ್ಲ, ಗದ್ದೆಯಲ್ಲಿ ಸುಡುವ ತರಗಿಗೆ ಹೇಳುವವರು ಕೇಳುವವರಿಲ್ಲ. ಗಾಳಿಗೆ ಈ ವಿಂಗಡಣೆ ಗೊತ್ತೇ? ಅದು ಎಲ್ಲವನ್ನೂ ಕಲಸಿ ಒಂದೇ ತುತ್ತಾಗಿ ನಮ್ಮ ಮೂಗಿಗೆ ಇಡುತ್ತದೆ.

ಕಾನೂನಿಲ್ಲವೆಂದು ಯಾರೂ ಹೇಳುವ ಹಾಗಿಲ್ಲ. 1981ರ ವಾಯುಮಾಲಿನ್ಯ ಕಾಯ್ದೆಯ 19ನೇ ವಿಧಿಯನ್ನು ಓದಿ ನೋಡಿ. ಒಂದು ಪ್ರದೇಶವನ್ನು ವಾಯುಮಾಲಿನ್ಯ ನಿಯಂತ್ರಣ ಪ್ರದೇಶವೆಂದು ಘೋಷಿಸಿ, ಅಲ್ಲಿ ಇಂಥ ಇಂಧನ ಕೂಡದು, ಇಂಥ ವಸ್ತು ಸುಡಕೂಡದು ಎಂದು ತಡೆಯುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಅಧಿಕಾರ ಪುಸ್ತಕದಲ್ಲಿದೆ. ಅದು ಒಲೆಬಾಯಿಯ ತನಕ ಬಂದದ್ದನ್ನು ನಾನು ಕಂಡಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ ತಂದಿತು. ಕರ್ನಾಟಕದಿಂದ ಅದಕ್ಕೆ ಸೇರಿದ್ದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಕಲ್ಲಿದ್ದಲು ಸುಟ್ಟು ನಾಡಿಗೆ ದೀಪ ಕೊಡುವ ರಾಯಚೂರಿನ ಶಕ್ತಿನಗರವೂ ಅದರಲ್ಲಿಲ್ಲ, ಬಳ್ಳಾರಿಯ ಕುಡಿತಿನಿಯೂ ಇಲ್ಲ. ಕಲ್ಲಿದ್ದಲು ಸ್ಥಾವರಗಳ ಗಂಧಕದ ಹೊಗೆಗೆ 2015ರಲ್ಲಿ ಮಿತಿ ಹಾಕಿದರು. ಗಡುವನ್ನು ಮತ್ತೆ ಮತ್ತೆ ಮುಂದೂಡಿ, 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ವಿನಾಯಿತಿಯನ್ನೇ ಕೊಟ್ಟರು. ದೀಪ ಉರಿಯುವ ಊರಿನ ಗಾಳಿಗೆ ಯೋಜನೆ, ದೀಪಕ್ಕೆ ಎಣ್ಣೆ ಹೊಯ್ಯುವ ಊರಿನ ಗಾಳಿಗೆ ವಿನಾಯಿತಿ!

ಸೀಮೆಯ ಗಾಳಿಯನ್ನು ಒಟ್ಟಾಗಿ ನೋಡುವುದು ಆಗದ ಮಾತೇನಲ್ಲ. ದೆಹಲಿಯ ದೊಡ್ಡವರ ಕಣ್ಣು ಉರಿದಾಗ 2021ರಲ್ಲಿ ಕಾಯ್ದೆ ಮಾಡಿ, ದೆಹಲಿ, ಪಂಜಾಬು, ಹರಿಯಾಣ, ರಾಜಸ್ಥಾನ, ಉತ್ತರಪ್ರದೇಶಗಳ ಗಾಳಿಗೆ ಒಂದೇ ಆಯೋಗ ರಚಿಸಿದರು. ಐದು ಸರ್ಕಾರಗಳ ಗಾಳಿಯನ್ನು ಒಂದು ಕಡತಕ್ಕೆ ತರಬಹುದಾದರೆ ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ಮೂರು ತಾಲ್ಲೂಕುಗಳದನ್ನು ತರಲಾಗದೇ? ಕಾರ್ಖಾನೆ, ಆಲೆಮನೆ, ಗದ್ದೆ, ಹೆದ್ದಾರಿ ನಾಲ್ಕಕ್ಕೂ ಒಬ್ಬರೇ ಜವಾಬು ಹೇಳುವಂತಾಗಲಿ. ಸಿಪ್ಪೆ ಒಣಗಿಸಲು ಊರಿಗೊಂದು ಸೂರು ಹಾಕಿಸಲಿ. ಟೈರನ್ನು ಒಲೆಯಲ್ಲಿ ಹಿಡಿಯುವ ಬದಲು ಲಾರಿಯಲ್ಲೇ ಹಿಡಿಯಲಿ. ತರಗನ್ನು ಸುಡದೆ ಸಾಲಿನಲ್ಲೇ ಮುಚ್ಚಿಗೆ ಮಾಡಿದ ರೈತನಿಗೆ ನಾಲ್ಕು ಕಾಸು ಕೊಡಲಿ. ಗಾಳಿ ಅಳೆಯುವ ಯಂತ್ರ ಪಟ್ಟಣದ ಕಚೇರಿಯ ಮಾಳಿಗೆಯ ಮೇಲಷ್ಟೇ ಅಲ್ಲ, ಸೋಮನಹಳ್ಳಿಯಂಥ ಊರಿನ ಶಾಲೆಯ ಮೇಲೂ ಇರಲಿ. ಸಣ್ಣ ಕಣಗಳು ದಿನದ ಸರಾಸರಿಯಲ್ಲಿ ಘನಮೀಟರಿಗೆ 60 ಮೈಕ್ರೋಗ್ರಾಂ ದಾಟಬಾರದು ಎನ್ನುತ್ತದೆ ನಮ್ಮ ದೇಶದ 2009ರ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 15 ಸಾಕು ಎಂದಿದೆ. ನಮ್ಮದು ಎಷ್ಟು? ಅಳೆಯದೆ ಇದ್ದರೆ ಯಾವ ಮಿತಿಯಾದರೇನು?

ನಮ್ಮ ಕೈಯೂ ಶುದ್ಧವಲ್ಲ ಎಂಬುದನ್ನು ಹೇಳದಿದ್ದರೆ ತಪ್ಪಾದೀತು. ಬಚ್ಚಲ ಹಂಡೆಯ ಒಲೆಗೆ ಹಾಲಿನ ಕವರು ಹಾಕಿ ಬೆಂಕಿ ಹಚ್ಚುವವರು ನಾವೇ. ಬೀದಿ ಗುಡಿಸಿ ಮೂಲೆಯಲ್ಲಿ ಕಡ್ಡಿ ಗೀರುವವರೂ ನಾವೇ. ಇಂದಿನಿಂದ ಅದನ್ನು ಬಿಡೋಣ. ಬಿಟ್ಟ ಮೇಲೆ ಕೇಳುವ ಬಾಯಿಗೆ ಬಲ ಬರುತ್ತದೆ. ಸ್ತ್ರೀಶಕ್ತಿ ಸಂಘದಲ್ಲಿ ಸಾಲದ ಲೆಕ್ಕ ಬರೆಯುವ ಪುಸ್ತಕದಲ್ಲೇ ಒಂದು ಪುಟ ಬಿಡಿ. ಯಾವ ದಿನ ಬಟ್ಟೆಯ ಮೇಲೆ ಮಸಿ ಬಿತ್ತು, ಯಾವ ದಿನ ಮಗು ಕೆಮ್ಮಿತು, ಗಾಳಿ ಯಾವ ಕಡೆಯಿಂದ ಬೀಸಿತು ಎಂದು ಬರೆದಿಡಿ. ಆ ಪುಟವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ, ನಡಾವಳಿಗೆ ಸೇರಿಸಿ ಎಂದು ಪಟ್ಟು ಹಿಡಿಯಿರಿ.

ಹೊರಡುವ ದಿನ ತಂಗಿ ಎಳ್ಳುಬೆಲ್ಲದ ಪೊಟ್ಟಣ ಕೈಗಿಟ್ಟು, ಒಳ್ಳೆಯ ಮಾತಾಡು ಎಂದಳು. ಬೆಲ್ಲ ಆ ಆಲೆಮನೆಯದೇ. ತಿಂದೆ, ಸಿಹಿಯಾಗಿಯೇ ಇತ್ತು. ಒಳ್ಳೆಯ ಮಾತು ಮಾತ್ರ ಬರಲಿಲ್ಲ. ನನ್ನ ಚೀಲದಲ್ಲಿ ಕರಿಗೆರೆ ಬಿದ್ದ ಆ ಪಂಚೆ ಇತ್ತು. ಅದನ್ನು ಇನ್ನೂ ಒಗೆದಿಲ್ಲ. ಮುಂದಿನ ಸಲ ಆ ಕಚೇರಿಯಲ್ಲಿ ಕುರ್ಚಿ ಕೊಟ್ಟರೆ, ಮೇಜಿನ ಮೇಲೆ ಹರವಲು ಇಟ್ಟುಕೊಂಡಿದ್ದೇನೆ.