ನಾನ್‌ಸ್ಟಿಕ್ ಕಾವಲಿ: ಹೆದರಬೇಕಾದದ್ದು ಯಾವುದಕ್ಕೆ?

ನಾನ್‌ಸ್ಟಿಕ್ ಕಾವಲಿಯ ಕಪ್ಪು ಲೇಪ ಚೂರು ಕಿತ್ತುಬಂದರೆ ಸಾಕು, ಅದು ಹೊಟ್ಟೆಗೆ ಹೋದರೆ ಕ್ಯಾನ್ಸರ್ ಬರುತ್ತದೆಯೇ ಎಂದು ಕೇಳುವವರಿದ್ದಾರೆ. ಅವರದೇ ಅಡುಗೆಮನೆಯಲ್ಲಿ ಖಾಲಿ ಕಾವಲಿಯನ್ನು ದೊಡ್ಡ ಉರಿಯ ಮೇಲಿಟ್ಟು ಫೋನಿನಲ್ಲಿ ಮಾತಿಗೆ ನಿಲ್ಲುವುದೂ ಉಂಟು. ವೈದ್ಯನಾಗಿ ಹೇಳುತ್ತೇನೆ, ನೀವು ಹೆದರಬೇಕಾದದ್ದು ಈ ಎರಡನೆಯದಕ್ಕೆ.

ಆ ಲೇಪ ಪಾಲಿಟೆಟ್ರಾಫ್ಲೋರೋಎಥಿಲೀನ್ ಎಂಬ ವಸ್ತು. ಟೆಫ್ಲಾನ್ ಅದರ ವ್ಯಾಪಾರದ ಹೆಸರು. 1938ರ ಏಪ್ರಿಲ್‌ನಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪೆನಿಯ ರಸಾಯನ ವಿಜ್ಞಾನಿ ರಾಯ್ ಪ್ಲಂಕೆಟ್ ಒಂದು ಸಿಲಿಂಡರ್ ತೆರೆದಾಗ ಅನಿಲ ಬರಲಿಲ್ಲ, ಆದರೆ ತೂಕ ಹಾಗೆಯೇ ಇತ್ತು. ಕೊಯ್ದು ನೋಡಿದರೆ ಒಳಗೆ ಬಿಳಿ ಪುಡಿ! ಇಂಗಾಲದ ಉದ್ದನೆಯ ಸರಪಳಿ, ಅದರ ಸುತ್ತ ಫ್ಲೋರಿನ್‌ನ ಕವಚ. ಇವೆರಡರ ಬಂಧ ಎಷ್ಟು ಗಟ್ಟಿಯೆಂದರೆ ಎಣ್ಣೆ, ಹುಳಿ, ಜಠರದ ಆಮ್ಲ ಯಾವುದೂ ಅದನ್ನು ಬಿಡಿಸಲಾರದು. ನುಂಗಿದ ಚೂರು ಹಾಗೆಯೇ ಮಲದೊಂದಿಗೆ ಹೊರಬೀಳುತ್ತದೆ. ಇದೇ ವಸ್ತುವಿನ ಕೊಳವೆಯನ್ನು ಕೆಲವು ಡಯಾಲಿಸಿಸ್ ರೋಗಿಗಳ ತೋಳಿನಲ್ಲಿ ಕೃತಕ ರಕ್ತನಾಳವಾಗಿ ಜೋಡಿಸುತ್ತಾರೆ.

ಆದರೆ ಬೆಂಕಿಯ ಮುಂದೆ ಅದರ ಆಟ ನಡೆಯುವುದಿಲ್ಲ. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಲೇಪ ಕೆಡಲು ಶುರು, 350ರ ಮೇಲೆ ಒಡೆದು ವಿಷದ ಹೊಗೆ ಬಿಡುತ್ತದೆ. ಹಿಟ್ಟು ಹೊಯ್ದ ಕಾವಲಿ ಅಷ್ಟು ಕಾಯದು, ಹಿಟ್ಟಿನ ನೀರೇ ಅದನ್ನು ತಡೆಯುತ್ತದೆ. ಖಾಲಿ ಕಾವಲಿ ಮಾತ್ರ ಕೆಲವೇ ನಿಮಿಷಗಳಲ್ಲಿ ಆ ಮಟ್ಟಕ್ಕೆ ಏರಬಲ್ಲದು. ಹೊಗೆ ಕುಡಿದವರಿಗೆ ಕೆಲವು ಗಂಟೆಗಳ ನಂತರ ಚಳಿಜ್ವರ, ಕೆಮ್ಮು, ಎದೆ ಬಿಗಿತ ಕಾಣಿಸಬಹುದು. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ, ಹಾಗಾಗಿ ಫ್ಲೂ ಎಂದು ಮರೆತುಬಿಡುತ್ತೇವೆ. ಉಸಿರು ಕಟ್ಟಿದರೆ ಆಸ್ಪತ್ರೆಗೆ ಹೋಗಿ, ಕಾವಲಿಯ ವಿಷಯವನ್ನೂ ವೈದ್ಯರಿಗೆ ಹೇಳಿ. ಮನೆಯ ಪಂಜರದಲ್ಲಿ ಲವ್‌ಬರ್ಡ್ಸ್ ಇದ್ದರಂತೂ ಅವು ಅದೇ ಹೊಗೆಗೆ ಸತ್ತೇ ಹೋಗಬಹುದು.

ಕ್ಯಾನ್ಸರ್ ಮಾತು ಹುಟ್ಟಿದ್ದು ಈ ಲೇಪದ ತಯಾರಿಕೆಯಲ್ಲಿ ಬಳಸುತ್ತಿದ್ದ ಪಿಎಫ್‌ಒಎ ಎಂಬ ಬೇರೊಂದು ರಾಸಾಯನಿಕದಿಂದ. ಅದು ದೇಹದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2023ರಲ್ಲಿ ಅದನ್ನು ಕ್ಯಾನ್ಸರ್‌ಕಾರಕವೆಂದೇ ಘೋಷಿಸಿತು. ಅದರ ಪೆಟ್ಟು ಹೆಚ್ಚಾಗಿ ಬಿದ್ದದ್ದು ಕಾರ್ಖಾನೆಯ ಕಾರ್ಮಿಕರಿಗೆ ಮತ್ತು ಅಮೆರಿಕದ ಪಾರ್ಕರ್ಸ್‌ಬರ್ಗ್‌ನಂಥ ಊರುಗಳಲ್ಲಿ ಕಾರ್ಖಾನೆಯ ಸುತ್ತಲಿನ ನೀರು ಕುಡಿದವರಿಗೆ. ನಮ್ಮ ದೋಸೆ ಅಗ್ಗವಾಗಿ ಏಳಲೆಂದು ಯಾರದೋ ಬಾವಿ ಕೆಟ್ಟಿತು ಎಂಬುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಯುನಾನಿ ವೈದ್ಯನಾದ್ದರಿಂದ ನಾನು ಕಲಾಯಿ ಹಾಕಿದ ತಾಮ್ರದ ಪಾತ್ರೆಯನ್ನೇ ಹೊಗಳಬೇಕೆಂದು ಕೆಲವರ ನಿರೀಕ್ಷೆ. ಕಲಾಯಿಯ ತವರ 232 ಡಿಗ್ರಿಗೇ ಕರಗುತ್ತದೆ, ಅದನ್ನೂ ಖಾಲಿ ಕಾಯಿಸುವಂತಿಲ್ಲ. ದೊಡ್ಡ ಉರಿಯ ಅಡುಗೆಗೆ ನನ್ನ ಆಯ್ಕೆ ಕಬ್ಬಿಣದ ಕಾವಲಿ. ನಾನ್‌ಸ್ಟಿಕ್ ಬಳಸುವವರು ಮೊದಲೇ ನಾಲ್ಕು ಹನಿ ಎಣ್ಣೆ ಸವರಿ, ಉರಿ ಮಧ್ಯಮದಲ್ಲಿಟ್ಟು, ಕಿಟಕಿ ತೆರೆದಿಡಿ. ಎಣ್ಣೆ ಹೊಗೆಯಾಡಿತೆಂದರೆ ಕಾವು ಮಿತಿಯ ಹತ್ತಿರ ಬಂದಿದೆ, ಒಲೆ ಆರಿಸಿ.