ಅರ್ಬುದದ ಬೇರು ಒಂದಲ್ಲ

ಎಳವೆಯಲ್ಲಿ ಹೊಗೆಗೂಡುಗಳೊಳಗಿಳಿದು ಗುಡಿಸಿದ ಲಂಡನ್ನಿನ ಬಡ ಹುಡುಗರಿಗೆ ಪ್ರಾಯದಲ್ಲಿ ವೃಷಣಚರ್ಮದ ಮೇಲೆ ಏಳುತ್ತಿದ್ದ ಅರ್ಬುದಕ್ಕೆ ಆ ಮಸಿಯೇ ಕಾರಣವೆಂದು ಶಸ್ತ್ರವೈದ್ಯ ಪರ್ಸಿವಲ್ ಪಾಟ್ 1775ರಲ್ಲಿ ಬರೆದನು. ಅಂದಿನಿಂದ ಈ ವ್ಯಾಧಿಯನ್ನು ಕೇವಲ ಪೂರ್ವಕರ್ಮದ ಫಲವೆಂದು ಕೈಚೆಲ್ಲುವುದಕ್ಕೆ ಆಧಾರವುಳಿಯಲಿಲ್ಲ. ಜೀವಕೋಶದ ವಂಶವಾಹಿಗಳಲ್ಲಿ ಒಂದರ ಮೇಲೊಂದು ಲೋಪ ಸಂಚಯವಾಗಿ, ವಿಭಜನೆಯ ಕಡಿವಾಣ ಕಳಚುವುದೇ ಅರ್ಬುದ. ಆ ಲೋಪವನ್ನು ತಂಬಾಕಿನ ಹೊಗೆ ತರಬಹುದು, ಯಕೃತ್ತಿನಲ್ಲಿ ನೆಲೆಸಿದ ಹೆಪಟೈಟಿಸ್ ಬಿ ವೈರಾಣು ತರಬಹುದು, ತೇವದ ಕಡಲೆಕಾಯಿಗೆ ಹಿಡಿದ ಬೂಷ್ಟಿನ ವಿಷ ತರಬಹುದು, ಕೆಲವೊಮ್ಮೆ ತಾಯಿತಂದೆಯರಿಂದಲೇ ಬಂದಿರಬಹುದು. ಯಾವ ಕಾರಣವೂ ಕಾಣದೆ, ಕೋಶವಿಭಜನೆಯ ಆಕಸ್ಮಿಕ ಪ್ರಮಾದದಿಂದ ರೋಗ ಬರುವುದೂ ಉಂಟು. ಆದುದರಿಂದ ರೋಗಿಯನ್ನು ದೂಷಿಸುವುದು ಅವಿವೇಕ, ಕ್ರೌರ್ಯವೂ ಹೌದು.

ನಮ್ಮ ನಾಡು ಆಡಲು ಹಿಂಜರಿಯುವ ಮಾತೊಂದಿದೆ. ತಂಬಾಕು ಬೆರೆಸದ ಅಡಿಕೆಯೂ ಮನುಷ್ಯರಲ್ಲಿ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಾರಿತು. ವರ್ಷಗಟ್ಟಲೆ ಅಡಿಕೆ ಜಗಿದವರ ಕೆನ್ನೆಯ ಒಳಪದರ ಬಿಳಿಚಿ, ನಾರುಗಟ್ಟಿ, ಖಾರದ ಸಾರು ಸೋಕಿದರೆ ಉರಿಯೆದ್ದು, ಕಡೆಗೆ ಎರಡು ಬೆರಳು ಹಿಡಿಸುವಷ್ಟೂ ಬಾಯಿ ತೆರೆಯದಾಗುತ್ತದೆ. ಕೆಲವರಲ್ಲಿ ಅಲ್ಲಿಯೇ ಅರ್ಬುದ ಮೊಳೆಯುತ್ತದೆ. ಮಲೆನಾಡಿನ ಸಾವಿರಾರು ಸಂಸಾರಗಳ ಅನ್ನ ಈ ಬೆಳೆಯಲ್ಲಿದೆಯೆಂಬುದನ್ನು ಬಲ್ಲೆ. ಆದರೆ ಅವರ ಸಂಕಟಕ್ಕೆ ಸತ್ಯವನ್ನು ಮುಚ್ಚಿಡುವುದು ಪರಿಹಾರವಲ್ಲ. ಸರ್ಕಾರವು ಬೆಳೆಗಾರನಿಗೆ ಪರ್ಯಾಯ ಬೆಳೆಯ ಆಸರೆಯನ್ನೂ, ಜಗಿಯುವವನಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ವರ್ಷಕ್ಕೊಮ್ಮೆ ಬಾಯಿಯ ತಪಾಸಣೆಯನ್ನೂ ಒಟ್ಟಿಗೇ ಒದಗಿಸಬೇಕು.