ಯಾವ ಎಣ್ಣೆ?

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಹೊಲಗಳಲ್ಲಿ ಕೀಟನಾಶಕವನ್ನು ಯಾರೂ ಕೀಟನಾಶಕವೆಂದು ಕರೆಯುವುದಿಲ್ಲ. ಅದು ‘ಎಣ್ಣಿ’, ಕೆಲವರ ಬಾಯಲ್ಲಿ ‘ಔಷಧ’. ಹತ್ತಿಗೆ ಹೊಡೆಯುವ ಎಣ್ಣಿ, ಗೋವಿನಜೋಳಕ್ಕೆ ಹೊಡೆಯುವ ಎಣ್ಣಿ, ಕಳೆಗೆ ಹೊಡೆಯುವ ಎಣ್ಣಿ. ವಿಷವನ್ನು ಔಷಧವೆಂದು ಕರೆದ ತಪ್ಪು ರೈತನದಲ್ಲ. ಹಾಗೆ ಕರೆಯಲು ಕಲಿಸಿದವರಲ್ಲಿ ಮಾರಾಟಗಾರರಿದ್ದಾರೆ, ನನ್ನಂಥ ಕೃಷಿ ವಿಜ್ಞಾನಿಗಳೂ ಇದ್ದಾರೆ. ಒಂದು ಲೀಟರ್ ನೀರಿಗೆ ಎಷ್ಟು ಮಿಲಿಲೀಟರ್ ಎಂಬುದನ್ನು ನಾವು ಊರೂರಿಗೆ ಹೋಗಿ ಹೇಳಿದೆವು. ಅದೇ ದ್ರವ ಮನುಷ್ಯನ ದೇಹಕ್ಕೆ ಸೇರಿದರೆ ಏನಾಗುವುದೆಂದು ಹೇಳಲಿಲ್ಲ.

ಈ ಮೌನದ ಬೆಲೆಯನ್ನು ತೆರುವುದು ಆಸ್ಪತ್ರೆಯ ಬಾಗಿಲಿನಲ್ಲಿ. ಸಿಂಪರಣೆ ಮಾಡುತ್ತಲೇ ಕುಸಿದವನಿರಲಿ, ದುಃಖದ ಒಂದು ಗಳಿಗೆಯಲ್ಲಿ ಬಾಟಲಿಗೆ ಕೈಚಾಚಿದವಳಿರಲಿ, ವೈದ್ಯರ ಮೊದಲ ಪ್ರಶ್ನೆ ಒಂದೇ: ‘ಯಾವ ಎಣ್ಣೆ?’ ಬಂಧುಗಳ ಉತ್ತರವೂ ಒಂದೇ: ‘ಹತ್ತಿಗೆ ಹೊಡಿಯೋದ್ರೀ.’

ರೋಗಿ ಬದುಕುವನೇ ಎಂಬುದನ್ನು ಮುಂದಾಗಿ ಅಂದಾಜಿಸುವ ವಿದ್ಯೆ ವೈದ್ಯಶಾಸ್ತ್ರದಲ್ಲಿ ಉಂಟು. ಆರ್ಗನೋಫಾಸ್ಫರಸ್ ವಿಷಗಳು ನರಗಳ ಸಂದೇಶವನ್ನು ನಿಯಂತ್ರಿಸುವ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ನಿಷ್ಕ್ರಿಯಗೊಳಿಸುತ್ತವೆ. ಅಂಥ ರೋಗಿಗಳಿಗಾಗಿ ಶ್ರೀಲಂಕಾದ ಪೆರಾದೆನಿಯ ವೈದ್ಯರು 1993ರಲ್ಲಿ ಒಂದು ಅಳತೆಗೋಲನ್ನು ಪ್ರಕಟಿಸಿದರು. ಕಣ್ಣಿನ ಪಾಪೆಯ ಗಾತ್ರ, ಉಸಿರಾಟದ ವೇಗ, ಹೃದಯಬಡಿತ, ಮಾಂಸಖಂಡಗಳ ಅದುರುವಿಕೆ, ಪ್ರಜ್ಞೆಯ ಮಟ್ಟ, ಜೊತೆಗೆ ಸೆಳವು: ಇವಿಷ್ಟನ್ನು ನೋಡಿ ಒಟ್ಟು 11 ಅಂಕಗಳಲ್ಲಿ ಅಪಾಯವನ್ನು ಅಳೆಯಬಹುದು. ಯಂತ್ರ ಬೇಡ, ಪ್ರಯೋಗಾಲಯ ಬೇಡ. ತಾಲ್ಲೂಕು ಆಸ್ಪತ್ರೆಯ ಮಂಚದ ಪಕ್ಕದಲ್ಲೇ ನಿಂತು ಮಾಡಬಹುದಾದ ಲೆಕ್ಕವಿದು.

ಆದರೆ ಈ ಅಳತೆಗೋಲಿಗೂ ಮೀರಿದ ಸತ್ಯವೊಂದಿದೆ. ಶ್ರೀಲಂಕಾದ ಆಸ್ಪತ್ರೆಗಳಲ್ಲಿ ನಡೆದು 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯು ಒಂದೇ ಅಪಾಯದ ವರ್ಗದಲ್ಲಿಟ್ಟಿದ್ದ ಎರಡು ಕೀಟನಾಶಕಗಳ ಪೈಕಿ ಒಂದನ್ನು ಸೇವಿಸಿದವರಲ್ಲಿ ನೂರಕ್ಕೆ 8 ಮಂದಿ ಸತ್ತರೆ, ಇನ್ನೊಂದರಲ್ಲಿ ನೂರಕ್ಕೆ 23 ಮಂದಿ ಸತ್ತರು. ಅವೆರಡರ ಹೆಸರನ್ನು ಬೇಕೆಂದೇ ಇಲ್ಲಿ ಬರೆದಿಲ್ಲ. ಅದನ್ನು ಅರಿತು ಲಜ್ಜೆಪಡಬೇಕಾದವರು ಪರವಾನಗಿ ಕೊಡುವವರು. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳನ್ನು ನಿರ್ಧರಿಸುವುದು ಪ್ರಯೋಗಾಲಯದ ಪ್ರಾಣಿಗಳನ್ನು ಕೊಲ್ಲುವ ಪ್ರಮಾಣ. ಇಲಿಯ ಸಾವನ್ನು ಅಳೆದು ಮನುಷ್ಯನ ಬದುಕಿಗೆ ಬಣ್ಣ ಬಳಿಯುವ ಈ ಪದ್ಧತಿಯಲ್ಲಿ, ಚಿಕಿತ್ಸೆ ಪಡೆದ ಮನುಷ್ಯನೂ ಯಾವ ವಿಷದಿಂದ ಉಳಿಯಲಾರ ಎಂಬ ಪ್ರಶ್ನೆಗೆ ಸ್ಥಳವೇ ಇಲ್ಲ.

ಆದ್ದರಿಂದ ನನ್ನ ಆರೋಪ ಸ್ಪಷ್ಟವಾಗಿದೆ. ರೋಗಿಯ ಹಣೆಬರಹದ ಬಹುಭಾಗ ಆಸ್ಪತ್ರೆಯಲ್ಲಿ ಬರೆಯಲ್ಪಡುವುದಿಲ್ಲ. ವಿಷದ ನೋಂದಣಿಗೆ ಸಹಿ ಬಿದ್ದ ದಿನವೇ ಬರೆಯಲ್ಪಟ್ಟಿರುತ್ತದೆ. ಬಿಹಾರದ ಶಾಲೆಯೊಂದರಲ್ಲಿ 2013ರ ಜುಲೈನಲ್ಲಿ ಮೊನೊಕ್ರೊಟೊಫಾಸ್ ಬೆರೆತ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಅದೇ ವಿಷದ ಶೇ 36ರ ದ್ರಾವಣವನ್ನು ಕೈಬಿಡುವ ಕೇಂದ್ರದ ಆದೇಶ ಬಂದದ್ದು 2023ರಲ್ಲಿ. ನಡುವೆ, 2017ರಲ್ಲಿ, ಯವತಮಾಳದ ಹತ್ತಿ ಹೊಲಗಳಲ್ಲಿ ಸಿಂಪರಣೆಯ ವಿಷವೇರಿ 20ಕ್ಕೂ ಹೆಚ್ಚು ಮಂದಿ ಅಸುನೀಗಿದರು. ಹತ್ತು ವರ್ಷಗಳ ಈ ವಿಳಂಬಕ್ಕೆ ಯಾವ ಅಳತೆಗೋಲಿನಲ್ಲಿ ಅಂಕ ಕೊಡೋಣ?

‘ರೈತರು ಕೈಗವಸು, ಮುಖಗವಸು ಧರಿಸುವುದಿಲ್ಲ, ತಪ್ಪು ಅವರದೇ’ ಎಂಬುದು ಸಿದ್ಧ ಉತ್ತರ. ಆಳೆತ್ತರ ಬೆಳೆದ ಗೋವಿನಜೋಳದ ಸಾಲುಗಳ ನಡುವೆ, ಮಳೆಗಾಲದ ಸೆಕೆಯಲ್ಲಿ, ಬೆನ್ನ ಮೇಲೆ ಪಂಪು ಹೊತ್ತು ಅರ್ಧ ದಿನ ಆ ಕವಚದೊಳಗೆ ದುಡಿದು ತೋರಿಸಲಿ, ಬಳಿಕ ಉಪದೇಶಿಸಲಿ. ‘ನಿಷೇಧಿಸಿದರೆ ಇಳುವರಿ ಕುಸಿಯುತ್ತದೆ’ ಎಂಬುದು ಇನ್ನೊಂದು ಬೆದರಿಕೆ. ಶ್ರೀಲಂಕಾ 1995ರಿಂದ ಹಂತಹಂತವಾಗಿ ಉಗ್ರ ವಿಷಗಳನ್ನು ನಿಷೇಧಿಸಿತು. ಎರಡು ದಶಕಗಳಲ್ಲಿ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ 70ರಷ್ಟು ಇಳಿಯಿತು. ನಿಷೇಧದಿಂದ ಭತ್ತದ ಇಳುವರಿ ಕುಸಿಯಲಿಲ್ಲ. ಜನರ ಕಷ್ಟಗಳೇನೂ ಮಾಯವಾಗಿರಲಿಲ್ಲ. ಕೆಟ್ಟ ಗಳಿಗೆಯಲ್ಲಿ ಕೈಗೆ ಸಿಗುವ ವಸ್ತು ಬದಲಾಗಿತ್ತು. ಆ ಗಳಿಗೆ ದಾಟಿದವರಲ್ಲಿ ಬಹುಪಾಲು ಮಂದಿ ಬದುಕಿಗೇ ಮರಳುತ್ತಾರೆ.

ನಮ್ಮ ಬೇಡಿಕೆಗಳು ಮೂರು. ಮೊದಲನೆಯದು, ಚಿಕಿತ್ಸೆಗೂ ಬಗ್ಗದ ವಿಷಗಳು ಅಂಗಡಿಯ ಕಪಾಟಿನಿಂದ ಹೊರಬೀಳಬೇಕು. ಎರಡನೆಯದು, ಕೀಟನಾಶಕ ಕಾಯ್ದೆ 1968ರ 26ನೇ ಕಲಮು ವಿಷಬಾಧೆಯ ಪ್ರಕರಣಗಳನ್ನು ವರದಿ ಮಾಡುವಂತೆ ಆಜ್ಞಾಪಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಆ ಅಧಿಕಾರ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಜೀವಂತವಾಗಬೇಕು, ಪ್ರತಿ ಪ್ರಕರಣದಲ್ಲೂ ವಿಷದ ಹೆಸರು ದಾಖಲಾಗಬೇಕು. ಮೂರನೆಯದು, ಬಿಡಿ ಮಾರಾಟ, ಹೆಸರಿಲ್ಲದ ಬಾಟಲಿ, ರಸೀದಿಯಿಲ್ಲದ ವ್ಯವಹಾರ ನಿಲ್ಲಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅಟ್ರೊಪಿನ್ ಸದಾ ಸಾಕಷ್ಟಿರಬೇಕು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನಾದರೂ ಮಾಡೋಣ. ವಿಷ ಸೇರಿದವರಿಗೆ ಉಪ್ಪುನೀರು, ಸಾಬೂನು ನೀರು ಕುಡಿಸಿ ವಾಂತಿ ಮಾಡಿಸಬೇಡಿ. ನಿಮ್ಮ ಕೈಗೆ ವಿಷ ತಾಗದಂತೆ ಎಚ್ಚರವಹಿಸಿ ಅವರ ಬಟ್ಟೆ ಕಳಚಿ, ಮೈ ತೊಳೆದು, ಎಡಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡಿ. ಬಾಟಲಿಯನ್ನು ಚೀಟಿಯ ಸಮೇತ ವೈದ್ಯರಿಗೆ ಒಯ್ಯಿರಿ. ಚೇತರಿಸಿಕೊಂಡರೆಂದು ಮರುದಿನವೇ ಮನೆಗೆ ಕರೆತರಬೇಡಿ: ಆರ್ಗನೋಫಾಸ್ಫರಸ್ ವಿಷದಲ್ಲಿ ಒಂದರಿಂದ ನಾಲ್ಕು ದಿನಗಳ ನಡುವೆ ಉಸಿರಾಟದ ಸ್ನಾಯುಗಳೇ ಸೋಲುವುದುಂಟು. ಎದ್ದು ಕುಳಿತು ಮಾತಾಡಿದವರು ಮೂರನೆಯ ದಿನ ತೀರಿಕೊಳ್ಳುವುದು ಹೀಗೆ. ಮನಸ್ಸು ಕುಗ್ಗಿದವರು ನೆರೆಯಲ್ಲಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿಸಿ, ಮನೆಯಲ್ಲಿರುವ ಡಬ್ಬಿಗಳನ್ನು ಬೇರೆಡೆಗೆ ಸಾಗಿಸಿ.

ವಿದ್ಯಾರ್ಥಿ ಮಿತ್ರರೇ, ಈ ವಾರ ನಿಮ್ಮೂರಿನ ಮನೆಗಳ ಅಟ್ಟ, ಕೊಟ್ಟಿಗೆಗಳಲ್ಲಿರುವ ಡಬ್ಬಿಗಳ ಪಟ್ಟಿ ಮಾಡಿ. ತ್ರಿಕೋನದ ಬಣ್ಣವನ್ನೂ ರಾಸಾಯನಿಕದ ಹೆಸರನ್ನೂ ಕನ್ನಡದಲ್ಲಿ ಬರೆದುಕೊಳ್ಳಿ. ಆ ಪಟ್ಟಿಯನ್ನು ಹಿಡಿದೇ ಗ್ರಾಮಸಭೆಗೆ ಹೋಗೋಣ. ‘ಯಾವ ಎಣ್ಣೆ?’ ಎಂಬ ಪ್ರಶ್ನೆಯನ್ನು ಇನ್ನು ಮುಂದೆ ನಾವೇ ಕೇಳೋಣ. ಆಸ್ಪತ್ರೆಯ ಬಾಗಿಲಲ್ಲಲ್ಲ, ಅಂಗಡಿಯ ಕಟ್ಟೆಯ ಮೇಲೆ.